ಚರ್ಮದ ಕೈಕೆಲಸ: ಹೊಸಬರು ಪದೇ ಪದೇ ಕೇಳುವ ಪ್ರಶ್ನೆಗಳು

ಶುರು ಮಾಡೋಕೆ ಯಾವ ಉಪಕರಣಗಳು ಬೇಕೇ ಬೇಕು?

ಮೊದಲು ಏನು ಮಾಡಬೇಕು ಅಂತ ಗೊತ್ತುಮಾಡಿಕೊಳ್ಳಿ, ಉಪಕರಣದ ಪಟ್ಟಿ ಆಮೇಲೆ. ಬೆಲ್ಟ್ ಮಾಡುವವರಿಗೆ ಬೇಕಾಗುವ ಉಪಕರಣ ಬೇರೆ, ಪರ್ಸ್ ಮಾಡುವವರಿಗೆ ಬೇರೆ, ಚರ್ಮದ ಮೇಲೆ ಹೂಬಳ್ಳಿ ಕೆತ್ತುವವರಿಗೆ ಇನ್ನೂ ಬೇರೆ. ಏನೂ ಗೊತ್ತಿಲ್ಲದೆ ಕೊಂಡ ಉಪಕರಣಗಳಲ್ಲಿ ಅರ್ಧ ಡಬ್ಬಿಯಲ್ಲೇ ಉಳಿಯುತ್ತವೆ.

ಎರಡು ತುಂಡು ಸೇರಿಸಿ ಹೊಲಿಯುವ ಕಾರ್ಡ್ ಹೋಲ್ಡರ್‌ನಿಂದ ಶುರು ಮಾಡುತ್ತೀರಿ ಎಂದಿಟ್ಟುಕೊಳ್ಳೋಣ. ಅದಕ್ಕೆ ಬ್ಲೇಡ್ ಮುರಿದು ಹೊಸ ತುದಿ ತೆಗೆಯಬಹುದಾದ ಕಟ್ಟರ್, ಸ್ಟೀಲ್ ಸ್ಕೇಲ್, ಕಟಿಂಗ್ ಮ್ಯಾಟ್, ಎರಡೂ ಕಾಲು ಮೊನಚಾಗಿರುವ ಕೈವಾರ, ಹೊಲಿಗೆಯ ತೂತು ಹೊಡೆಯುವ, ಹಲ್ಲುಗಳ ಅಂತರ ಒಂದೇ ಇರುವ ಎರಡು ಹೊಲಿಗೆ ಉಳಿ (ಒಂದು 2 ಹಲ್ಲಿನದು, ಇನ್ನೊಂದು 4 ಅಥವಾ 6 ಹಲ್ಲಿನದು), ನೈಲಾನ್ ಅಥವಾ ಮರದ ಕೊಡತಿ, ಎರಡು ಮೊಂಡು ಸೂಜಿ, ಮೇಣ ಹಚ್ಚಿದ ದಾರ, ಅಂಟು, ಅಂಚು ಹೆರೆಯುವ ಬೆವೆಲರ್, ಸ್ಯಾಂಡ್‌ಪೇಪರ್ ಮತ್ತು ಅಂಚು ತಿಕ್ಕುವ ಮರದ ಕಡ್ಡಿ ಸಾಕು. ಮೊದಲ ನಾಲ್ಕೈದು ವಸ್ತುಗಳಿಗೆ ಇದಕ್ಕಿಂತ ಹೆಚ್ಚು ಬೇಕಾಗುವುದಿಲ್ಲ.

40–50 ಉಪಕರಣ ಇರುವ ಸೆಟ್ ತಗೊಂಡರೆ ಒಳ್ಳೆಯದಲ್ಲವೇ?

ಬೇಡ ಎಂದೇ ಹೇಳುತ್ತೇವೆ. ಅಂಥ ಸೆಟ್‌ಗಳಲ್ಲಿ ಬಹುಪಾಲು ಚಿತ್ತಾರ ಒತ್ತುವ ಅಚ್ಚುಗಳೇ ಇರುತ್ತವೆ. ಪರ್ಸ್, ಬೆಲ್ಟ್ ಮಾಡುವವರಿಗೆ ಅವುಗಳಿಂದ ಉಪಯೋಗವಿಲ್ಲ. ದಿನವೂ ಕೈಗೆ ಬರುವ ಉಳಿ, ಬೆವೆಲರ್, ಚಾಕು ಮಾತ್ರ ಮೊಂಡಾಗಿಯೇ ಬಂದಿರುತ್ತವೆ. ಸಾಣೆ ಹಿಡಿಯುವುದು ಗೊತ್ತಿಲ್ಲದ ಹೊಸಬರು ತಪ್ಪು ತಮ್ಮ ಕೈಯದೇ ಅಂದುಕೊಂಡು ಕೆಲಸವನ್ನೇ ಬಿಡುತ್ತಾರೆ. ಅದೇ ದುಡ್ಡಿಗೆ ಒಳ್ಳೆಯ ಉಳಿ ಎರಡು ಮತ್ತು ಒಳ್ಳೆಯ ಚರ್ಮ ಒಂದು ತುಂಡು ಬಂದರೆ ಕಲಿಕೆ ಬೇಗ ಸಾಗುತ್ತದೆ.

ಯಾವುದಕ್ಕೆ ದುಡ್ಡು ಹಾಕಬೇಕು, ಎಲ್ಲಿ ಉಳಿಸಬಹುದು?

ಹೊಲಿಗೆ ಉಳಿ, ಚರ್ಮ, ದಾರ: ಈ ಮೂರರಲ್ಲಿ ಕೈಬಿಗಿ ಮಾಡಬೇಡಿ. ಉಳಿಯ ಹಲ್ಲುಗಳ ನಡುವಿನ ಅಂತರ ಒಂದೇ ಸಮ ಇಲ್ಲದಿದ್ದರೆ ಎಷ್ಟೇ ಜೋಪಾನವಾಗಿ ಹೊಲಿದರೂ ಸಾಲು ಸೊಟ್ಟಗೇ ಕಾಣುತ್ತದೆ. ಕೊಡತಿ, ಸ್ಕೇಲ್, ಮ್ಯಾಟ್, ಕ್ಲಿಪ್ಪುಗಳಿಗೆ ಅಗ್ಗದ್ದೇ ನಡೆಯುತ್ತದೆ. ಕಬ್ಬಿಣದ ಸುತ್ತಿಗೆಯಿಂದ ಮಾತ್ರ ಉಳಿಗೆ ಹೊಡೆಯಬೇಡಿ. ಹಿಡಿಯ ತಲೆ ಚಪ್ಪಟೆಯಾಗಿ ಹರಡಿಕೊಳ್ಳುತ್ತದೆ. 400–500 ಗ್ರಾಂ ತೂಕದ ಕೊಡತಿ ಕೈಗೆ ಹಿತ.

ವೆಜ್ ಟ್ಯಾನ್, ಕ್ರೋಮ್ ಟ್ಯಾನ್ ಎಂದರೇನು? ಕಲಿಯೋಕೆ ಯಾವುದು?

ಇವು ಚರ್ಮ ಹದ ಮಾಡುವ ಎರಡು ಬಗೆಗಳು. ಮರದ ತೊಗಟೆ, ಕಾಯಿ, ಎಲೆಗಳ ಒಗರಿನಿಂದ, ಅಂದರೆ ಟ್ಯಾನಿನ್‌ನಿಂದ, ವಾರಗಟ್ಟಲೆ ಹದ ಮಾಡಿದ್ದು ವೆಜ್ ಟ್ಯಾನ್. ಕ್ರೋಮಿಯಂ ಲವಣದಿಂದ ಒಂದೆರಡು ದಿನದಲ್ಲಿ ಹದ ಮಾಡಿದ್ದು ಕ್ರೋಮ್ ಟ್ಯಾನ್. ವೆಜ್ ಟ್ಯಾನ್ ಗಟ್ಟಿ, ನೀರು ಹೀರುತ್ತದೆ, ಒದ್ದೆಯಲ್ಲಿ ಒತ್ತಿದ ಆಕಾರ ಒಣಗಿದ ಮೇಲೂ ಹಾಗೇ ನಿಲ್ಲುತ್ತದೆ, ಅಂಚು ತಿಕ್ಕಿದರೆ ಹೊಳೆಯುತ್ತದೆ. ಕ್ರೋಮ್ ಮೆತ್ತಗೆ, ನೀರಿಗೆ ಸುಲಭಕ್ಕೆ ಹೆದರುವುದಿಲ್ಲ. ಆದರೆ ಅಚ್ಚು ನಿಲ್ಲುವುದಿಲ್ಲ, ಅಂಚು ಹೊಳಪಿಗೆ ಬರುವುದಿಲ್ಲ, ಕತ್ತರಿಸುವಾಗ ಬ್ಲೇಡ್ ಕೆಳಗೆ ಎಳೆದಾಡುತ್ತದೆ.

ಕಲಿಯಲು ವೆಜ್ ಟ್ಯಾನ್ ತಗೊಳ್ಳಿ. ಮಾಡಿದ ತಪ್ಪು ಅದರಲ್ಲಿ ಕಣ್ಣಿಗೆ ಕಾಣುತ್ತದೆ, ಕಂಡದ್ದನ್ನು ತಿದ್ದಿಕೊಳ್ಳಲೂ ಬರುತ್ತದೆ. ಗುರುತು ಹಾಕಲು ವೆಜ್ ಟ್ಯಾನ್ ಮೇಲೆ ಚೂಪು ಮೊನೆಯಿಂದ ಹಗುರಾಗಿ ಗೀರಿದರೆ ಸಾಕು. ಬಾಲ್‌ಪೆನ್ ಬಳಸಬೇಡಿ, ಆ ಶಾಯಿ ಹೋಗುವುದಿಲ್ಲ. ಕಪ್ಪು ಅಥವಾ ಬಣ್ಣದ ಕ್ರೋಮ್ ಚರ್ಮಕ್ಕೆ ಬೆಳ್ಳಿ ಬಣ್ಣದ ಪೆನ್ ನಡೆಯುತ್ತದೆ, ಅದೂ ಕತ್ತರಿಸಿ ಹೋಗುವ ಜಾಗದಲ್ಲಿ ಮಾತ್ರ.

ಎಷ್ಟು ದಪ್ಪದ ಚರ್ಮ ಬೇಕು?

ಹೊಸಬರ ಹೆಚ್ಚಿನ ವಸ್ತುಗಳು ಕೆಡುವುದು ಇಲ್ಲೇ. ಅಂಗಡಿಯಲ್ಲಿ ದಪ್ಪ ಚರ್ಮ ಕೈಗೆ ಗಟ್ಟಿಮುಟ್ಟು ಅನ್ನಿಸುತ್ತದೆ. ಅದನ್ನೇ ನಾಲ್ಕು ಪದರ ಜೋಡಿಸಿದಾಗ ಪರ್ಸ್ ಮಡಚುವುದೇ ಇಲ್ಲ. ಪದರಗಳನ್ನು ಮೊದಲೇ ಕೂಡಿಸಿ ನೋಡಿ: 2 ಮಿ.ಮೀ. ಚರ್ಮದ ನಾಲ್ಕು ಪದರ ಎಂದರೆ ಅಂಚಿನಲ್ಲಿ 8 ಮಿ.ಮೀ., ಪರ್ಸ್ ಮಡಚಿದರೆ 16.

ಪರ್ಸಿನ ಒಳ ಜೇಬುಗಳಿಗೆ 0.8–1 ಮಿ.ಮೀ., ಹೊರಮೈಗೆ 1.2–1.5, ಕೈಚೀಲಕ್ಕೆ 2–2.5, ಬೆಲ್ಟಿಗೆ 3–4 ಮಿ.ಮೀ. ಸರಿಹೋಗುತ್ತದೆ. ಕೆಲವು ಕಡೆ ದಪ್ಪವನ್ನು ಔನ್ಸಿನಲ್ಲಿ ಬರೆಯುತ್ತಾರೆ. 1 ಔನ್ಸ್ ಎಂದರೆ ಇಂಚಿನ 64ನೇ ಒಂದು ಭಾಗ, ಸುಮಾರು 0.4 ಮಿ.ಮೀ. ಹಾಗಾಗಿ 3–4 ಔನ್ಸಿನ ಚರ್ಮ 1.2ರಿಂದ 1.6 ಮಿ.ಮೀ. ಆಯಿತು. ಮಾರುವುದು ಚದರಡಿ ಲೆಕ್ಕದಲ್ಲಿ. ಚರ್ಮದ ಅಂಚು ಸೊಟ್ಟಪಟ್ಟ ಇರುವುದರಿಂದ ನಿಮ್ಮ ಲೆಕ್ಕಕ್ಕಿಂತ ಕಾಲು ಭಾಗ ಹೆಚ್ಚು ತಗೊಳ್ಳಿ.

ಒಂದೇ ಚರ್ಮದಲ್ಲಿ ಒಂದು ಕಡೆ ಗಟ್ಟಿ, ಇನ್ನೊಂದು ಕಡೆ ಸಡಿಲ. ಯಾಕೆ?

ಪ್ರಾಣಿಯ ಮೈಯ ಯಾವ ಭಾಗ ಅನ್ನುವುದರ ಮೇಲೆ ಹೋಗುತ್ತದೆ. ಬೆನ್ನಿನ ಭಾಗದಲ್ಲಿ ನಾರು ಒತ್ತಾಗಿರುತ್ತದೆ, ಎಳೆದರೆ ಹಿಗ್ಗುವುದಿಲ್ಲ. ಬೆಲ್ಟು, ಚೀಲದ ಪಟ್ಟಿ ಅಲ್ಲಿಂದಲೇ ತೆಗೆಯಬೇಕು. ಹೊಟ್ಟೆಯ ಭಾಗ ಸಡಿಲ, ಸುಲಭವಾಗಿ ಹಿಗ್ಗುತ್ತದೆ. ಅದರಲ್ಲಿ ಬೆಲ್ಟ್ ಮಾಡಿದರೆ ಕೆಲವೇ ತಿಂಗಳಲ್ಲಿ ಜೋತುಬೀಳುತ್ತದೆ. ಅಗ್ಗಕ್ಕೆ ಸಿಗುವುದರಿಂದ ಹೊಟ್ಟೆಯ ತುಂಡುಗಳನ್ನು ಅಭ್ಯಾಸಕ್ಕೆ ಇಟ್ಟುಕೊಳ್ಳಿ.

ಕತ್ತರಿಸಿದ ಅಂಚು ಹರಿದಂತೆ ಬರುತ್ತದೆ. ಕಟ್ಟರ್ ಬದಲಿಸಬೇಕೇ?

ಕಟ್ಟರ್ ಅಲ್ಲ, ಬ್ಲೇಡ್ ಬದಲಿಸಿ. ಕಾಗದಕ್ಕೆ ಚೂಪಾಗಿರುವ ಬ್ಲೇಡ್ ಚರ್ಮಕ್ಕೆ ಮೊಂಡಾಗಿರಬಹುದು. ಒಂದೇ ಏಟಿಗೆ ಕತ್ತರಿಸಲು ಒತ್ತಡ ಹಾಕಿದರೆ ಬ್ಲೇಡ್ ಬಾಗಿ ಅಂಚು ಓರೆಯಾಗುತ್ತದೆ, ಸ್ಕೇಲ್ ಜಾರುತ್ತದೆ, ಬೆರಳು ಕೊಯ್ಯುವುದೂ ಆಗಲೇ. ಮೊದಲ ಸಲ ಹಗುರಾಗಿ ಗೆರೆ ಬೀಳಿಸಿ, ಅದೇ ಗೆರೆಯಲ್ಲಿ ಎರಡು ಮೂರು ಸಲ ಎಳೆಯಿರಿ. ಸ್ಕೇಲನ್ನು ನಿಮಗೆ ಬೇಕಾದ ತುಂಡಿನ ಮೇಲೆಯೇ ಇಡಿ. ಬ್ಲೇಡ್ ಜಾರಿದರೂ ಬೇಡದ ಕಡೆ ಜಾರುತ್ತದೆ. ಸ್ಕೇಲಿನ ಕೆಳಗೆ ಮಾಸ್ಕಿಂಗ್ ಟೇಪ್ ಅಂಟಿಸಿದರೆ ಹಿಡಿತ ಸಿಗುತ್ತದೆ.

ಹೊಲಿಗೆ ಉಳಿಯಲ್ಲಿ 3, 4, 5 ಮಿ.ಮೀ. ಎಂದಿರುತ್ತದೆ. ಯಾವುದು ತಗೊಳ್ಳಲಿ?

ಅದು ಒಂದು ಹಲ್ಲಿನ ನಡುವಿನಿಂದ ಪಕ್ಕದ ಹಲ್ಲಿನ ನಡುವಿಗೆ ಇರುವ ದೂರ, ಅಂದರೆ ನಿಮ್ಮ ಒಂದು ಹೊಲಿಗೆಯ ಉದ್ದ. ಒಂದನ್ನೇ ಕೊಳ್ಳುವುದಾದರೆ 4 ಮಿ.ಮೀ. ತಗೊಳ್ಳಿ, ಪರ್ಸಿಗೂ ಸಣ್ಣ ಚೀಲಕ್ಕೂ ಒಪ್ಪುತ್ತದೆ. 3 ಮಿ.ಮೀ. ನಾಜೂಕಾಗಿ ಕಾಣುತ್ತದೆ, ಆದರೆ ತೂತು ಹತ್ತಿರ ಹತ್ತಿರ ಇರುವುದರಿಂದ ಸಣ್ಣ ತಪ್ಪೂ ಎದ್ದು ತೋರುತ್ತದೆ. ಬೆಲ್ಟಿಗೆ, ದೊಡ್ಡ ಚೀಲಕ್ಕೆ 5.

ಪ್ರಿಕಿಂಗ್ ಐರನ್ ಬೇರೆ, ಹೊಲಿಗೆ ಉಳಿ ಬೇರೆ. ಪ್ರಿಕಿಂಗ್ ಐರನ್ ಮೇಲ್ಮೈಯಲ್ಲಿ ಗುರುತನ್ನಷ್ಟೇ ಹಾಕುತ್ತದೆ, ತೂತನ್ನು ಆಮೇಲೆ ಆಲ್‌ನಿಂದ (ಹಿಡಿ ಇರುವ ಚೂಪು ಮೊನೆಯ ಉಪಕರಣ) ಒಂದೊಂದಾಗಿ ಚುಚ್ಚಬೇಕು. ಆಲ್‌ ಪಳಗಲು ತಿಂಗಳುಗಳೇ ಬೇಕಾಗುತ್ತವೆ. ಉಳಿ ಒಂದೇ ಸಲಕ್ಕೆ ಆರಪಾರ ತೂತು ಮಾಡುತ್ತದೆ, ಹೊಸಬರಿಗೆ ಅದೇ ಸರಿ. 2 ಹಲ್ಲಿನದು ತಿರುವುಗಳಿಗೆ, 4 ಅಥವಾ 6 ಹಲ್ಲಿನದು ನೇರ ಸಾಲಿಗೆ. ಮುಂದಕ್ಕೆ ಸರಿಯುವಾಗ ಉಳಿಯ ಮೊದಲ ಹಲ್ಲನ್ನು ಹಿಂದಿನ ಕೊನೆಯ ತೂತಿನಲ್ಲೇ ಕೂರಿಸಿ. ಆಗ ಅಂತರ ತಪ್ಪುವುದಿಲ್ಲ.

ಮುಂದೆ ಸಾಲು ನೇರ, ಹಿಂದೆ ಸೊಟ್ಟ. ಉಳಿಯೂ ಚರ್ಮದಲ್ಲೇ ಸಿಕ್ಕಿಕೊಳ್ಳುತ್ತದೆ. ಏನು ಮಾಡುವುದು?

ಉಳಿ ನೆಟ್ಟಗೆ ನಿಂತಿಲ್ಲ ಎಂದೇ ಅರ್ಥ. 3 ಮಿ.ಮೀ. ದಪ್ಪದಲ್ಲಿ ಸ್ವಲ್ಪ ವಾಲಿದರೂ ಹಿಂದಿನ ಸಾಲು ಅಂಚಿನ ಕಡೆ ಜಾರುತ್ತದೆ. ಹೊಡೆಯುವ ಮೊದಲು ಉಳಿಯನ್ನು ಎದುರಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ ನೋಡಿ. ಮೇಜಿನ ಮೇಲೆ ಕಲ್ಲಿನ ಚಪ್ಪಡಿ, ಅದರ ಮೇಲೆ ಪ್ಲಾಸ್ಟಿಕ್ ಹಲಗೆ, ಅದರ ಮೇಲೆ ಚರ್ಮ ಇಡಿ. ಮೇಜು ಅದುರಿದರೆ ಅರ್ಧ ಏಟು ವ್ಯರ್ಥ. ಹಲ್ಲಿನ ತುದಿ ಹಿಂದೆ ಇಣುಕಿದರೆ ಸಾಕು, ಅದಕ್ಕಿಂತ ಆಳಕ್ಕೆ ಇಳಿಸಬೇಡಿ. ಹಲ್ಲಿಗೆ ಜೇನುಮೇಣ ಸವರಿ, ಒಂದು ಕೈಯಿಂದ ಉಳಿಯ ಎರಡೂ ಪಕ್ಕದ ಚರ್ಮ ಒತ್ತಿ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಅಲ್ಲಾಡಿಸಿ ಕಿತ್ತರೆ ತೂತು ಅಗಲವಾಗುತ್ತದೆ, ಹಲ್ಲೂ ಬಾಗುತ್ತದೆ.

ಅಪಾರ್ಟ್‌ಮೆಂಟಿನಲ್ಲಿ ಇರುವವರು ಹಲಗೆಯನ್ನು ಮೇಜಿನ ಕಾಲಿನ ನೇರಕ್ಕೆ ಇಟ್ಟು, ಕಾಲಿನ ಕೆಳಗೆ ರಬ್ಬರ್ ಹಾಕಿದರೆ ಸದ್ದು ಬಹಳ ತಗ್ಗುತ್ತದೆ.

ದಾರ ಎಷ್ಟು ದಪ್ಪ, ಎಷ್ಟು ಉದ್ದ?

3 ಮಿ.ಮೀ. ಅಂತರಕ್ಕೆ ಸುಮಾರು 0.5 ಮಿ.ಮೀ. ದಾರ, 4ಕ್ಕೆ 0.6–0.8, 5ಕ್ಕೆ 0.8–1. ಉದ್ದ ಹೊಲಿಗೆಯ ಸಾಲಿನ ನಾಲ್ಕು ಪಟ್ಟು, ಜೊತೆಗೆ ಸೂಜಿಗಳಿಗೆ ಒಂದು ಗೇಣು. ದಪ್ಪ ಚರ್ಮವಾದರೆ ಐದು ಪಟ್ಟು ಇಟ್ಟುಕೊಳ್ಳಿ, ಯಾಕೆಂದರೆ ಪ್ರತಿ ತೂತಿನಲ್ಲೂ ದಾರ ದಪ್ಪವನ್ನು ದಾಟಬೇಕು. ಪಾಲಿಯೆಸ್ಟರ್ ದಾರದ ತುದಿಯನ್ನು ಲೈಟರ್‌ನಿಂದ ಕರಗಿಸಿ ಒತ್ತಬಹುದು. ಲಿನನ್ ಕರಗುವುದಿಲ್ಲ, ಒತ್ತಿ ಕತ್ತರಿಸಿ ಒಂದು ಹನಿ ಅಂಟು ಹಾಕಬೇಕು.

ಸ್ಯಾಡಲ್ ಹೊಲಿಗೆ ಹೇಗೆ? ಹೊಲಿಗೆ ಯಂತ್ರಕ್ಕಿಂತ ಅದು ಯಾಕೆ ಗಟ್ಟಿ?

ಯಂತ್ರದ ಹೊಲಿಗೆಯಲ್ಲಿ ಮೇಲೊಂದು, ಕೆಳಗೊಂದು ದಾರ ನಡುವೆ ಕೊಂಡಿ ಹಾಕಿಕೊಂಡಿರುತ್ತವೆ. ಒಂದು ಕಡೆ ತುಂಡಾದರೆ ಪಕ್ಕದ ಕೊಂಡಿಗಳೂ ಸಡಿಲವಾಗುತ್ತಾ ಬಿಚ್ಚಿಕೊಳ್ಳುತ್ತವೆ. ಸ್ಯಾಡಲ್ ಹೊಲಿಗೆಯಲ್ಲಿ ಒಂದೇ ದಾರದ ಎರಡು ತುದಿಗೆ ಎರಡು ಸೂಜಿ, ಎರಡೂ ಪ್ರತಿ ತೂತನ್ನು ಎದುರುಬದುರಾಗಿ ದಾಟುತ್ತವೆ. ಒಂದು ಹೊಲಿಗೆ ಹರಿದರೂ ಇನ್ನೊಂದು ಎಳೆ ಅದೇ ಜಾಗದಲ್ಲಿ ಹಿಡಿದುಕೊಂಡಿರುತ್ತದೆ.

ಮೊದಲು ಸೂಜಿಗೆ ದಾರ ಕಟ್ಟುವುದು. ದಾರವನ್ನು ಸೂಜಿಯ ಕಣ್ಣಿನಲ್ಲಿ ಪೋಣಿಸಿ, ತುದಿಯಿಂದ ಐದಾರು ಸೆಂ.ಮೀ. ಒಳಗೆ ದಾರದ ನಡುವೆಯೇ ಸೂಜಿಯ ಮೊನೆಯನ್ನು ಎರಡು ಸಲ ಚುಚ್ಚಿ, ಆ ಸುರುಳಿಯನ್ನು ಕಣ್ಣಿನ ಮೇಲೆ ಹಿಂದಕ್ಕೆ ಸರಿಸಿ ಎಳೆಯಿರಿ. ಗಂಟಿಲ್ಲದೆ ಬಿಗಿಯುತ್ತದೆ. ಇನ್ನೊಂದು ತುದಿಗೂ ಹೀಗೇ.

ಮೊದಲ ತೂತಿನಲ್ಲಿ ದಾರ ದಾಟಿಸಿ ಎರಡೂ ಬದಿಗೆ ಸಮ ಉದ್ದ ಬರುವಂತೆ ಎಳೆದುಕೊಳ್ಳಿ. ಎರಡನೇ ತೂತಿಗೆ ಎಡಗೈ ಸೂಜಿಯನ್ನು ಮೊದಲು ದಾಟಿಸಿ, ಒಂದೆರಡು ಇಂಚು ದಾರ ಎಳೆದು, ಆ ದಾರವನ್ನು ತೂತಿನ ಒಂದು ಪಕ್ಕಕ್ಕೆ ಸರಿಸಿ ಹಿಡಿಯಿರಿ. ಉಳಿದ ಸಂದಿಯಲ್ಲಿ ಬಲಗೈ ಸೂಜಿ ಹೋಗಬೇಕು. ಈಗ ನಿಲ್ಲಿ. ಮೊದಲ ದಾರವನ್ನು ಸ್ವಲ್ಪ ಹಿಂದಕ್ಕೂ ಮುಂದಕ್ಕೂ ಆಡಿಸಿ. ಸಲೀಸಾಗಿ ಆಡಿದರೆ ಸರಿ. ಬಿಗಿದು ನಿಂತರೆ ಬಲಗೈ ಸೂಜಿ ದಾರವನ್ನೇ ಚುಚ್ಚಿದೆ, ಹಿಂದಕ್ಕೆ ತೆಗೆದು ಮತ್ತೆ ಹಾಕಿ. ಮೊಂಡು ಸೂಜಿ ಬೇಕು ಅನ್ನುವುದು ಇದಕ್ಕೇ. ಎಲ್ಲ ಸರಿಯಿದ್ದರೆ ಎರಡೂ ದಾರವನ್ನು ಒಟ್ಟಿಗೆ, ಒಂದೇ ಬಲದಲ್ಲಿ ಎಳೆಯಿರಿ.

ಹೊಲಿಗೆ ಒಂದು ಕಡೆ ಓರೆ, ಇನ್ನೊಂದು ಕಡೆ ನೇರ ಆಗುತ್ತಿದೆ ಎಂದರೆ ನಡುವೆ ಎಲ್ಲೋ ಕ್ರಮ ತಪ್ಪಿದೆ. ಮೊದಲು ಯಾವ ಕೈ, ದಾರ ಯಾವ ಪಕ್ಕಕ್ಕೆ, ಎಳೆತ ಎಷ್ಟು: ಮೂರೂ ಮೊದಲ ತೂತಿನಿಂದ ಕೊನೆಯವರೆಗೆ ಒಂದೇ ಇರಬೇಕು. ಚರ್ಮ ಸುಕ್ಕುಗಟ್ಟುವಷ್ಟು ಬಿಗಿಯಬೇಡಿ. ಕೊನೆಯಲ್ಲಿ ಎರಡು ಮೂರು ತೂತು ಹಿಂದಕ್ಕೆ ಹೊಲಿದು, ದಾರಗಳನ್ನು 2 ಮಿ.ಮೀ. ಬಿಟ್ಟು ಕತ್ತರಿಸಿ. ಹೊಲಿಗೆಯ ಮೇಲೆ ಕೊಡತಿಯಿಂದ ಹಗುರಾಗಿ ತಟ್ಟಿದರೆ ದಾರ ತೂತಿನೊಳಗೆ ಕೂರುತ್ತದೆ.

ಮನೆಯ ಹೊಲಿಗೆ ಯಂತ್ರದಲ್ಲಿ ಹೊಲಿಯಬಹುದೇ?

1 ಮಿ.ಮೀ. ಒಳಗಿನ ಮೆತ್ತನೆಯ ಕ್ರೋಮ್ ಚರ್ಮದ ಒಂದೆರಡು ಪದರ ಆಗಬಹುದು, ಚರ್ಮದ ಸೂಜಿ ಹಾಕಿ ನಿಧಾನವಾಗಿ. ವೆಜ್ ಟ್ಯಾನ್ ಬೇಡ, ಯಂತ್ರದ ಟೈಮಿಂಗ್, ಅಂದರೆ ಸೂಜಿ ಮತ್ತು ಕೆಳಗಿನ ಕೊಕ್ಕೆಯ ಹೊಂದಾಣಿಕೆ, ಕೆಡುತ್ತದೆ.

ಅಂಟು ಬಿಟ್ಟುಕೊಳ್ಳುತ್ತದೆ. ಯಾಕೆ?

ಕಾಂಟ್ಯಾಕ್ಟ್ ಅಂಟಿನಲ್ಲಿ ಸಾಮಾನ್ಯ ತಪ್ಪು ಅವಸರ. ಎರಡೂ ಮೈಗೆ ತೆಳುವಾಗಿ ಸವರಿ 10–15 ನಿಮಿಷ ಬಿಡಿ. ಬೆರಳು ತಾಗಿಸಿದರೆ ಅಂಟು ಬೆರಳಿಗೆ ಬರಬಾರದು, ಆಗ ಜೋಡಿಸಬೇಕು. ಒಮ್ಮೆ ಕೂತರೆ ಸರಿಸಲು ಆಗುವುದಿಲ್ಲ; ಆದ್ದರಿಂದ ಒಂದು ಮೂಲೆಯಿಂದ ಶುರು ಮಾಡಿ ಮೆಲ್ಲಗೆ ಒತ್ತುತ್ತಾ ಹೋಗಿ. ನುಣುಪಾದ ಮೇಲ್ಮೈಗೆ ಅಂಟಿಸುವುದಿದ್ದರೆ ಅಂಟು ಬೀಳುವ 4–5 ಮಿ.ಮೀ. ಪಟ್ಟಿಯನ್ನು ಸ್ಯಾಂಡ್‌ಪೇಪರಿನಿಂದ ಒರಟು ಮಾಡಲೇಬೇಕು. ಕಿಟಕಿ ತೆರೆದಿಡಿ, ಹತ್ತಿರ ಬೆಂಕಿ ಬೇಡ, ಅಂಟು ಹಾಕಿದ ಕೋಣೆಯಲ್ಲಿ ಲೈಟರ್ ಹಚ್ಚುವುದೂ ಬೇಡ. ವಾಸನೆ ತಡೆಯದವರಿಗೆ ನೀರಿನ ಬಿಳಿ ಅಂಟು ಇದೆ. ಒಣಗಲು ಹೊತ್ತು ಹಿಡಿಯುತ್ತದೆ, ಕ್ಲಿಪ್ ಹಾಕಿಡಬೇಕು.

ಅಂಚು ಗಾಜಿನಂತೆ ಹೊಳೆಯುವಂತೆ ಮಾಡುವುದು ಹೇಗೆ?

ಕೈಕೆಲಸದ ಗುಣ ಅಂಚಿನಲ್ಲಿ ತಿಳಿಯುತ್ತದೆ, ಹಾಗಾಗಿ ಇಲ್ಲಿ ಹೊತ್ತು ಕೊಡಿ. ಹೊಲಿಗೆ ಮುಗಿದ ಮೇಲೆ 220 ನಂಬರಿನ ಸ್ಯಾಂಡ್‌ಪೇಪರನ್ನು ಮರದ ತುಂಡಿಗೆ ಸುತ್ತಿ, ಪದರಗಳ ನಡುವಿನ ಗೆರೆ ಮರೆಯಾಗಿ ಒಂದೇ ಗೋಡೆಯಂತೆ ಆಗುವ ತನಕ ಉಜ್ಜಿ. ಆಮೇಲೆ 400. ಬೆವೆಲರ್‌ನಿಂದ ಎರಡೂ ಬದಿಯ ಮೂಲೆ ಹೆರೆಯಿರಿ. ನೂಲಿನಂತೆ ಒಂದೇ ಎಳೆ ಉದ್ದಕ್ಕೂ ಕಿತ್ತು ಬಂದರೆ ಬೆವೆಲರ್ ಚೂಪಾಗಿದೆ ಎಂದು ತಿಳಿಯಿರಿ, ಪುಡಿಪುಡಿಯಾಗಿ ಬಂದರೆ ಸಾಣೆ ಬೇಕು. ಪರ್ಸಿನ ದಪ್ಪಕ್ಕೆ 0.8 ಅಥವಾ 1 ಮಿ.ಮೀ. ಬೆವೆಲರ್ ಸಾಕು. ಅಂಚಿಗೆ ಬಣ್ಣ ಹಾಕುವುದಿದ್ದರೆ ಈಗಲೇ ಹಾಕಿ, ಹೊಳಪು ಬಂದ ಮೇಲೆ ಬಣ್ಣ ಒಳಗೆ ಇಳಿಯುವುದಿಲ್ಲ.

ಬೆರಳ ತುದಿಯಲ್ಲಿ ನೀರು ಅಥವಾ ಟ್ರಾಗಕಾಂತ್ ಗೋಂದು ತಗೊಂಡು ಅಂಚಿಗೆ ಮಾತ್ರ ಸವರಿ. ಮೇಲ್ಮೈಗೆ ಹರಿದರೆ ಕಲೆ ನಿಲ್ಲುತ್ತದೆ. ಮರದ ಕಡ್ಡಿಯ ತೋಡಿನಲ್ಲಿ ಅಂಚನ್ನು ಇಟ್ಟು ಹಗುರಾಗಿ, ಬೇಗ ಬೇಗ ತಿಕ್ಕಿ. ಒಂದು ನಿಮಿಷದಲ್ಲಿ ಕಡ್ಡಿಯ ಸದ್ದು ಬದಲಾಗುತ್ತದೆ: ಮೊದಲು ಒರಟು ಗರಗರ, ಆಮೇಲೆ ಜಾರಿದಂತೆ. ಕೈಗೆ ಬಿಸಿ ತಾಗುತ್ತದೆ, ಅಂಚು ಕಪ್ಪಗಾಗಿ ಹೊಳೆಯಲು ಶುರುವಾಗುತ್ತದೆ. 600 ನಂಬರಿನಿಂದ ಮತ್ತೆ ಉಜ್ಜಿ, ಮತ್ತೆ ಗೋಂದು, ಮತ್ತೆ ತಿಕ್ಕುವುದು. ಕೊನೆಗೆ ಜೇನುಮೇಣ ಸವರಿ ಒರಟು ಬಟ್ಟೆಯಿಂದ ಉಜ್ಜಿ.

ಅಂಚು ಅಣಬೆಯ ತಲೆಯಂತೆ ಹರಡಿಕೊಂಡರೆ ನೀರೂ ಒತ್ತಡವೂ ಹೆಚ್ಚಾಗಿದೆ. ಒಣಗಿಸಿ ಮತ್ತೆ ಬೆವೆಲ್ ಮಾಡಿ. ಕ್ರೋಮ್ ಚರ್ಮಕ್ಕೆ ಈ ಯಾವುದೂ ನಡೆಯುವುದಿಲ್ಲ, ಅಂಚಿನ ಪೇಂಟನ್ನು ಮೂರು ನಾಲ್ಕು ಕೋಟ್ ಹಾಕಿ ಪ್ರತಿ ಕೋಟನ್ನೂ ಒಣಗಿಸಿ ಉಜ್ಜಬೇಕು.

ಮೊದಲ ಕಾರ್ಡ್ ಹೋಲ್ಡರ್‌ನ ಅಳತೆ ಕೊಡುತ್ತೀರಾ?

ಬ್ಯಾಂಕ್ ಕಾರ್ಡಿನ ಅಳತೆ ಎಲ್ಲ ಕಡೆಯೂ 85.6 × 54 ಮಿ.ಮೀ. 1.2 ಮಿ.ಮೀ. ವೆಜ್ ಟ್ಯಾನ್‌ನಲ್ಲಿ 100 × 60 ಮಿ.ಮೀ.ನ ಎರಡು ತುಂಡು ಕತ್ತರಿಸಿ. ಅಂಚಿನಿಂದ 3 ಮಿ.ಮೀ. ಒಳಗೆ ಹೊಲಿಗೆ ಬಂದರೆ ಒಳಗೆ 94 ಮಿ.ಮೀ. ಉಳಿಯುತ್ತದೆ, ನಾಲ್ಕು ಕಾರ್ಡಿನ ದಪ್ಪ ಇದರಲ್ಲಿ ಸಲೀಸಾಗಿ ಕೂರುತ್ತದೆ. ಕಾರ್ಡಿನಷ್ಟೇ ಅಗಲ ಬಿಟ್ಟರೆ ಕಾರ್ಡ್ ಒಳಗೆ ಹೋಗುವುದೇ ಇಲ್ಲ. ಮುಂದಿನ ತುಂಡಿನ ಮೇಲಂಚಿನ ನಡುವೆ 20 ಮಿ.ಮೀ. ಅಗಲದ ಅರ್ಧಚಂದ್ರ ತೆಗೆಯಿರಿ, ಹೆಬ್ಬೆರಳಿಗೆ.

ಎರಡೂ ತುಂಡಿನ ಮೇಲಂಚುಗಳನ್ನು ಅಂಟಿಸುವ ಮೊದಲೇ ತಿಕ್ಕಿ ಹೊಳಪು ಮಾಡಿ, ಆಮೇಲೆ ಅಲ್ಲಿಗೆ ಕಡ್ಡಿ ಹೋಗುವುದಿಲ್ಲ. ಮೂರು ಬದಿಗೆ ಅಂಟು ಹಾಕಿ ಜೋಡಿಸಿ, ಕೈವಾರವನ್ನು 3 ಮಿ.ಮೀ.ಗೆ ಇಟ್ಟು ಗೆರೆ ಎಳೆದು, 4 ಮಿ.ಮೀ. ಉಳಿಯಿಂದ ತೂತು ಹೊಡೆಯಿರಿ. ಮೂಲೆಗೆ ಬರುವಾಗ ಮೂರು ನಾಲ್ಕು ತೂತು ಮೊದಲೇ ಉಳಿಯನ್ನು ಹಗುರಾಗಿ ಒತ್ತಿ ಗುರುತು ನೋಡಿಕೊಳ್ಳಿ. ಅಂತರ ಹೊಂದದಿದ್ದರೆ 2 ಹಲ್ಲಿನ ಉಳಿಯಿಂದ ಕೂದಲೆಳೆಯಷ್ಟು ಸರಿಸುತ್ತಾ ಬನ್ನಿ. ಹೊಲಿಗೆಯ ಸಾಲು ಸುಮಾರು 21 ಸೆಂ.ಮೀ., ದಾರ 110 ಸೆಂ.ಮೀ. ಸಾಕು.

ಸ್ಕೈವಿಂಗ್ ಎಂದರೇನು? ಅದು ಈಗಲೇ ಕಲಿಯಬೇಕೇ?

ಚರ್ಮದ ಅಂಚನ್ನು ಒಳಮೈ ಕಡೆಯಿಂದ ಹೆರೆದು ತೆಳು ಮಾಡುವುದು. ಮೂರನೆಯ ನಾಲ್ಕನೆಯ ವಸ್ತುವಿನ ಹೊತ್ತಿಗೆ ಕಲಿಯಿರಿ. ಗಾಜಿನ ಅಥವಾ ನುಣುಪು ಕಲ್ಲಿನ ಮೇಲೆ ಚರ್ಮ ಇಟ್ಟು, ಚಾಕುವನ್ನು ಬಹುತೇಕ ಮಲಗಿಸಿ, ಸ್ವಲ್ಪ ಸ್ವಲ್ಪವೇ ತೆಗೆಯಬೇಕು. ಚಾಕು ಮೊಂಡಾಗಿದ್ದರೆ ಚರ್ಮ ಹಿಗ್ಗಿ ಮಡಚಿಕೊಂಡು ತೂತೇ ಬೀಳುತ್ತದೆ. ಕೆಲಸಕ್ಕೆ ಕೂರುವ ಮೊದಲು ಹಸಿರು ಪಾಲಿಶ್ ಹಚ್ಚಿದ ಚರ್ಮದ ಪಟ್ಟಿಯ ಮೇಲೆ ಚಾಕುವನ್ನು ಹಿಂದಕ್ಕೆ 20–30 ಸಲ ಎಳೆಯಿರಿ.

ಒದ್ದೆ ಚರ್ಮದ ಮೇಲೆ ಕಪ್ಪು ಚುಕ್ಕೆ ಬಿದ್ದಿವೆ. ಬೂಷ್ಟೇ?

ಬಹುಪಾಲು ಕಬ್ಬಿಣ. ಚರ್ಮದ ಟ್ಯಾನಿನ್, ನೀರು, ಕಬ್ಬಿಣದ ಪುಡಿ ಮೂರೂ ಸೇರಿದರೆ ಕಪ್ಪಾಗುತ್ತದೆ. ಹಿಂದೆ ಬರೆಯುವ ಮಸಿ ಮಾಡುತ್ತಿದ್ದುದೂ ಇದೇ ಗುಣದಿಂದ. ಅರ ಉಜ್ಜಿದ ಮೇಜಿನ ಮೇಲೆ ಒದ್ದೆ ಚರ್ಮ ಇಡಬೇಡಿ. ಬಿದ್ದ ಚುಕ್ಕೆಗೆ ನಿಂಬೆರಸ ಅದ್ದಿದ ಹತ್ತಿ ಒತ್ತಿದರೆ ಮಾಸುತ್ತದೆ, ಆಮೇಲೆ ಶುದ್ಧ ನೀರಿನಿಂದ ಒರೆಸಿ. ಉಜ್ಜಿದರೆ ಹೋಗುವ ನಯವಾದ ಬಿಳಿ ಅಥವಾ ಹಸಿರು ಪದರವಾಗಿದ್ದರೆ ಅದು ಬೂಷ್ಟು.

ಬಣ್ಣ ಮಚ್ಚೆಮಚ್ಚೆಯಾಗಿ ಹಿಡಿಯುತ್ತದೆ. ಸರಿಪಡಿಸುವುದು ಹೇಗೆ?

ಬಣ್ಣ ಹಾಕುವ ಮೊದಲು ಅಂಟಾಗಲಿ ಎಣ್ಣೆಯಾಗಲಿ ತಾಗಿದ ಜಾಗ ಬಣ್ಣ ಹೀರುವುದಿಲ್ಲ. ಕಡು ಬಣ್ಣವನ್ನು ಒಮ್ಮೆಲೇ ಹಾಕುವ ಬದಲು ತೆಳು ಮಾಡಿ ಎರಡು ಮೂರು ಸಲ, ಸುತ್ತು ಸುತ್ತಾಗಿ ಸವರಿ. ಅದೇ ಚರ್ಮದ ಚೂರಿನ ಮೇಲೆ ಮೊದಲು ನೋಡಿ. ಒಣಗಿದ ಮೇಲಿನ ಬಣ್ಣವೇ ನಿಜವಾದ ಬಣ್ಣ. ಒಣಗಿದ ನಂತರ ಬಟ್ಟೆಯಿಂದ ಚೆನ್ನಾಗಿ ಒರೆಸಿ, ಮೇಲೆ ಫಿನಿಶ್ (ಬಣ್ಣ ಕಾಯುವ ಲೇಪ) ಹಾಕದಿದ್ದರೆ ಬಣ್ಣ ಅಂಗಿಗೆ ಹತ್ತುತ್ತದೆ. ಕೈಗವಸು ಹಾಕಿಕೊಳ್ಳಿ.

ರಿವೆಟ್ ವಾರಕ್ಕೇ ಕಳಚಿಬರುತ್ತದೆ.

ರಿವೆಟ್‌ನ ಕಂಬದ, ಅಂದರೆ ಚರ್ಮ ದಾಟಿ ಟೋಪಿಗೆ ಸೇರುವ ಕಡ್ಡಿಯ, ಉದ್ದ ಸರಿಯಿಲ್ಲ. ಚರ್ಮದ ಎಲ್ಲ ಪದರ ದಾಟಿ ಕಂಬ 2–3 ಮಿ.ಮೀ. ಹೊರಗೆ ಕಾಣಬೇಕು. ಹೆಚ್ಚಿದ್ದರೆ ಹೊಡೆದಾಗ ಒಳಗೇ ಬಾಗುತ್ತದೆ, ಕಡಿಮೆಯಿದ್ದರೆ ಟೋಪಿ ಹಿಡಿಯುವುದೇ ಇಲ್ಲ. ತೂತು ಕಂಬದಷ್ಟೇ ದಪ್ಪ ಇರಲಿ, ದೊಡ್ಡದಾದರೆ ಅಲ್ಲಾಡುತ್ತದೆ.

ಉಳಿದ ಚರ್ಮ ಎಲ್ಲಿ, ಹೇಗೆ ಇಡುವುದು?

ಮೇಲ್ಮೈ ಹೊರಗೆ ಬರುವಂತೆ ಸಡಿಲವಾಗಿ ಸುರುಳಿ ಸುತ್ತಿ, ಹತ್ತಿಬಟ್ಟೆ ಅಥವಾ ಕಾಗದದಲ್ಲಿ ಇಡಿ. ಮಡಚಿದರೆ ಗೆರೆ ಹೋಗುವುದಿಲ್ಲ, ಪ್ಲಾಸ್ಟಿಕ್‌ನಲ್ಲಿ ಕಟ್ಟಿದರೆ ಪಸೆ ಸೇರಿ ಬೂಷ್ಟು ಬರುತ್ತದೆ. ವೆಜ್ ಟ್ಯಾನ್ ಬಿಸಿಲಿಗೆ ಕಂದಾಗುವುದರಿಂದ ಕಿಟಕಿಯಿಂದ ದೂರ ಇಡಿ. ಅರ್ಧ ಬಿಸಿಲು, ಅರ್ಧ ನೆರಳು ಬಿದ್ದರೆ ಒಂದೇ ಚರ್ಮ ಎರಡು ಬಣ್ಣವಾಗುತ್ತದೆ. ಅಂಗೈ ಅಗಲದ ಚೂರುಗಳನ್ನೂ ಎಸೆಯಬೇಡಿ. ಉಳಿ, ಬಣ್ಣ, ಅಂಟು ಯಾವುದನ್ನು ಪರೀಕ್ಷಿಸುವುದಿದ್ದರೂ ಅದೇ ಚರ್ಮದ ಚೂರು ಬೇಕಾಗುತ್ತದೆ.